ಮಕ್ಕಳ ಕೈಲೇ ಮಾಡ್ಸೋ ಚಾಕಲೇಟ್ ಕೇಕ್: ಮೊಟ್ಟೆ ಬೇಡ, ಬೀಟರ್ ಬೇಡ, ಒಂದೇ ಪಾತ್ರೆ ಸಾಕು

ಮಕ್ಕಳ ಜೊತೆ ಕೇಕ್ ಮಾಡ್ಬೇಕು ಅಂದ್ರೆ ಮೊದ್ಲು ಸರಿಯಾದ ರೆಸಿಪಿ ಆರಿಸ್ಕೋಬೇಕು. ಬೆಣ್ಣೆ ಸಕ್ಕರೆ ಬೀಟ್ ಮಾಡಿ, ಮೊಟ್ಟೆ ಒಂದೊಂದಾಗಿ ಹಾಕಿ, ಮೂರು ಪಾತ್ರೇಲಿ ಬೇರೆ ಬೇರೆ ಕಲಸೋ ಕೇಕ್ ಚೆನ್ನಾಗೇ ಇರುತ್ತೆ, ಆದ್ರೆ ಅದ್ರಲ್ಲಿ ಮಕ್ಕಳಿಗೆ ಕೆಲ್ಸಾನೇ ಇರಲ್ಲ, ಅವು ಸ್ಟೂಲ್ ಮೇಲೆ ನಿಂತು ನೋಡ್ತಿರ್ಬೇಕು, ನಾವು "ಮುಟ್ಬೇಡ, ಚೆಲ್ಲುತ್ತೆ" ಅಂತಿರ್ಬೇಕು, ಸ್ವಲ್ಪ ಹೊತ್ತಿಗೆ ಅವು ಬೇಜಾರಾಗಿ ಟೀವಿ ಮುಂದೆ ಹೋಗ್ತವೆ. ನಾನು ಹೇಳೋ ಕೇಕಲ್ಲಿ ಬೆಂಕಿ ಹತ್ರದ ಕೆಲ್ಸ ಒಂದು ಬಿಟ್ಟು ಉಳಿದಿದ್ದೆಲ್ಲಾನೂ ಆರೇಳು ವರ್ಷದ ಮಗು ತಾನೇ ಮಾಡ್ಬೋದು. ಮಾಡೋಕೆ ಬಿಡ್ಬೇಕು ಅಷ್ಟೆ.

ಈ ರೆಸಿಪಿ ಅಮೆರಿಕದ್ದು. ಅಲ್ಲಿ ಮಹಾ ಆರ್ಥಿಕ ಕುಸಿತ, ಆಮೇಲೆ ಎರಡನೇ ಮಹಾಯುದ್ಧದ ರೇಷನ್ ಕಾಲ, ಹಾಲು ಬೆಣ್ಣೆ ಮೊಟ್ಟೆ ಸಿಗೋದೇ ಕಷ್ಟ ಅನ್ನೋ ದಿನಗಳಲ್ಲಿ ಮನೆ ನಡೆಸೋ ಹೆಂಗಸ್ರು ಈ ತರ ಕೇಕ್ ಮಾಡ್ತಿದ್ರು, ವ್ಯಾಕಿ ಕೇಕ್ ಅಂತಾರೆ. ಅವ್ರು ವಿನೆಗರ್ ಹಾಕ್ತಾರೆ, ನಮ್ಮ ಮೈಸೂರು ಕಡೆ ಮನೇಲಿ ವಿನೆಗರ್ ಇಲ್ದಿದ್ರೂ ನಿಂಬೆಹಣ್ಣಂತೂ ಇದ್ದೇ ಇರುತ್ತೆ, ಅದ್ರಲ್ಲೇ ಆಗುತ್ತೆ. ಮೊಟ್ಟೆ ಇಲ್ದಿರೋದ್ರಿಂದ ಅಜ್ಜಿ ತಾತನೂ ಯೋಚ್ನೆ ಇಲ್ದೆ ಒಂದು ಪೀಸ್ ತಿಂತಾರೆ, ಮಕ್ಕಳಿಗೆ ತಾವು ಮಾಡಿದ್ದು ಮನೆಯವ್ರೆಲ್ಲ ತಿಂದ್ರು ಅನ್ನೋ ಖುಷಿ.

ಅಳತೆ ಹೇಳ್ತೀನಿ. ಮೈದಾ ಒಂದೂವರೆ ಕಪ್, ಸಕ್ಕರೆ ಒಂದು ಕಪ್, ಕೋಕೋ ಪೌಡರ್ ಕಾಲು ಕಪ್, ಅಡುಗೆ ಸೋಡಾ ಒಂದು ಟೀ ಸ್ಪೂನ್, ಉಪ್ಪು ಅರ್ಧ ಟೀ ಸ್ಪೂನ್, ಇಷ್ಟು ಒಣ ಸಾಮಾನು. ಆಮೇಲೆ ಸನ್‌ಫ್ಲವರ್ ಎಣ್ಣೆ 80 ಎಂಎಲ್ ಅಂದ್ರೆ ಒಂದು ಕಪ್ಪಲ್ಲಿ ಮೂರನೇ ಒಂದು ಭಾಗ, ನಿಂಬೆರಸ ಒಂದು ಟೇಬಲ್ ಸ್ಪೂನ್, ವೆನಿಲಾ ಎಸೆನ್ಸ್ ಒಂದು ಟೀ ಸ್ಪೂನ್, ನೀರು ಒಂದು ಕಪ್. ಕಪ್ ಅಂದ್ರೆ 240 ಎಂಎಲ್‌ದು, ಟೀ ಸ್ಪೂನ್ 5 ಎಂಎಲ್, ಟೇಬಲ್ ಸ್ಪೂನ್ 15 ಎಂಎಲ್. ತಕ್ಕಡಿ ಇದ್ರೆ ಇನ್ನೂ ವಾಸಿ, ಮೈದಾ 190 ಗ್ರಾಂ, ಸಕ್ಕರೆ 200, ಕೋಕೋ 25 ಹತ್ರ ಬರುತ್ತೆ. ಸಕ್ಕರೆ ಮುಕ್ಕಾಲು ಕಪ್‌ಗೆ ಇಳ್ಸಿದ್ರೂ ಕೇಕ್ ಆಗುತ್ತೆ, ಅದಕ್ಕಿಂತ ಕಮ್ಮಿ ಮಾಡ್ಬೇಡಿ, ಸಕ್ಕರೆ ಬರೀ ಸಿಹಿಗಲ್ಲ, ಕೇಕ್ ಒಳಗೆ ತೇವ ಹಿಡಿದಿಡೋದೂ ಅದೇ.

ಕೋಕೋ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು. ಡ್ರಿಂಕಿಂಗ್ ಚಾಕಲೇಟ್ ಪುಡಿ, ಬೂಸ್ಟು, ಬೋರ್ನ್‌ವಿಟಾ ಯಾವ್ದೂ ಇದಕ್ಕೆ ಆಗಲ್ಲ, ಅದ್ರಲ್ಲಿ ಸಕ್ಕರೇನೇ ಜಾಸ್ತಿ, ಕೇಕ್ ಬಣ್ಣಾನೂ ಬರಲ್ಲ ರುಚೀನೂ ಬರಲ್ಲ. ಅನ್‌ಸ್ವೀಟನ್ಡ್ ಕೋಕೋ ಪೌಡರ್ ಅಂತಾನೇ ಕೇಳಿ ತಗೊಳಿ. ಮನೇಲಿರೋ ಸೋಡಾ ಹಳೇದಾಗಿದ್ರೆ ಚಿಟಿಕೆ ಸೋಡಾ ಮೇಲೆ ಎರಡು ತೊಟ್ಟು ನಿಂಬೆರಸ ಹಿಂಡಿ ನೋಡಿ, ಬುಸ್ ಅಂತ ನೊರೆ ಬಂದ್ರೆ ಸರಿ, ಸುಮ್ನೆ ಕೂತಿದ್ರೆ ಹೊಸಾದು ತನ್ನಿ. ಈ ಪರೀಕ್ಷೆನೂ ಮಕ್ಕಳಿಗೇ ಬಿಡಿ.

ಹಿಟ್ಟು ಕಲಸೋಕೆ ಮುಂಚೆ ಓವನ್ ಬಿಸಿ ಮಾಡ್ಕೋಬೇಕು, ಇದು ದೊಡ್ಡವ್ರ ಕೆಲ್ಸ. ಓಟಿಜಿ ಅನ್ನೋ ಕರೆಂಟ್ ಓವನ್ ಇದ್ರೆ 180 ಡಿಗ್ರಿಗೆ ಇಟ್ಟು ಹತ್ತು ನಿಮಿಷ ಕಾಯಿಸಿ, ಟಿನ್ನು ನಡುವಿನ ರ‍್ಯಾಕ್‌ನಲ್ಲಿ ಇಡೋ ಹಾಗೆ ಮೊದ್ಲೇ ಸರಿ ಮಾಡ್ಕೊಳಿ. ಓಟಿಜಿ ಇಲ್ದೋರು ಗ್ಯಾಸ್ ಮೇಲೇ ಮಾಡ್ಬೋದು, ಮಧ್ಯದಲ್ಲಿ ಕರೆಂಟ್ ಹೋಗೋ ಭಯಾನೂ ಇಲ್ಲ. ಹಳೇ ದಪ್ಪ ತಳದ ದಬರಿ ತಗೊಂಡು ತಳಕ್ಕೆ ಒಂದೂವರೆ ಕಪ್ ಉಪ್ಪು ಹರಡಿ, ಅದ್ರ ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಳ ಮುಚ್ಚಿ ಮಧ್ಯಮ ಉರೀಲಿ ಹತ್ತು ನಿಮಿಷ ಕಾಯಿಸಿ. ತುಂಬಾ ಜನ ಕುಕ್ಕರಲ್ಲೇ ಮಾಡ್ತಾರೆ, ಮಾಡಿದ್ರೆ ಗ್ಯಾಸ್ಕೆಟ್ಟು ವೆಯ್ಟು ಎರಡೂ ತೆಗೆದಿಡ್ಲೇಬೇಕು, ಒಳಗೆ ನೀರು ಹಾಕೋ ಹಾಗಿಲ್ಲ. ನನ್ನ ಕೇಳಿದ್ರೆ ದಬರೀನೇ ಒಳ್ಳೇದು, ನೀರಿಲ್ದೆ ಒಣಗಿದ್ದು ಕಾಸಿ ಕಾಸಿ ಒಳ್ಳೇ ಕುಕ್ಕರ್ ಯಾಕೆ ಹಾಳ್ಮಾಡ್ಕೋಬೇಕು, ನಾನ್‌ಸ್ಟಿಕ್ ಪಾತ್ರೆ ಅಂತೂ ಬೇಡ್ವೇ ಬೇಡ. ಆ ಉಪ್ಪು ಸಾರಿಗೆ ಬರಲ್ಲ, ಡಬ್ಬೀಲಿ ಹಾಕಿಟ್ರೆ ಮುಂದಿನ ಕೇಕ್‌ಗೆ ಅದೇ ಆಗುತ್ತೆ.

ಈಗ ಮಕ್ಕಳನ್ನ ಕರೀರಿ. ಕೈ ತೊಳ್ಸಿ, ಉದ್ದ ಕೂದಲಿದ್ರೆ ಕಟ್ಟಿ, ಮತ್ತೆ ದಯವಿಟ್ಟು ಅಡುಗೆಮನೆ ಕಟ್ಟೆ ಮೇಲೆ ಮಾಡ್ಸೋ ಬದ್ಲು ನೆಲದ ಮೇಲೆ ಹಳೇ ಪೇಪರ್ ಹಾಸಿ ಅಲ್ಲಿ ಕೂರ್ಸಿ. ನೆಲದ ಮೇಲಾದ್ರೆ ಪಾತ್ರೆ ಅವ್ರ ಎತ್ತರಕ್ಕೆ ಇರುತ್ತೆ, ಚೆಲ್ಲಿದ್ರೆ ಪೇಪರ್ ಸಮೇತ ಎತ್ತಿ ಹಾಕಿದ್ರಾಯ್ತು, ಒಲೆಯಿಂದ ದೂರಾನೂ ಇರ್ತಾರೆ. ಮೂರು ನಾಲ್ಕು ವರ್ಷದ್ದಕ್ಕೆ ಜರಡಿ ಕೊಡಿ, ಮೈದಾ ಕೋಕೋ ಸೋಡಾ ಒಟ್ಟಿಗೆ ಜರಡಿ ಹಿಡಿಯೋದು ಅದಕ್ಕೆ ಆಟ, ಕೋಕೋ ಗಂಟೆಲ್ಲ ಒಡೆಯೋದ್ರಿಂದ ನಮಗೂ ಅದು ಬೇಕೇ ಬೇಕು. ಸ್ವಲ್ಪ ದೊಡ್ಡದು ಅಳತೆ ಹಾಕ್ಲಿ. ಕಪ್ ತುಂಬಿ ಚಾಕು ಹಿಂಬದಿಯಿಂದ ಮೇಲೆ ಸಮ ಸವರೋದು ಹೇಗೆ ಅಂತ ಒಂದ್ಸಲ ತೋರ್ಸಿ, ಮೂರನೇ ಒಂದು ಅಂದ್ರೆ ಏನು ಕಾಲು ಅಂದ್ರೆ ಏನು ಅಂತ ಸ್ಕೂಲಲ್ಲಿ ಬೋರ್ಡ್ ಮೇಲೆ ಬರೆದ್ರೆ ಹತ್ತದ್ದು ಇಲ್ಲಿ ಎರಡು ನಿಮಿಷಕ್ಕೆ ಹತ್ತುತ್ತೆ. ಸೋಡಾ ಮಾತ್ರ ನೀವು ಪಕ್ಕದಲ್ಲೇ ಇದ್ದು ನೋಡಿ, ಸ್ಪೂನ್ ಗೋಪುರ ಆದ್ರೆ ಕೇಕ್ ಸೋಪಿನ ತರ ವಾಸ್ನೆ ಬರುತ್ತೆ. ಇನ್ನೊಬ್ರು ಟಿನ್‌ಗೆ ಎಣ್ಣೆ ಸವರಿ, ತಳದ ಅಳತೆಗೆ ಬಟರ್ ಪೇಪರ್ ಕತ್ತರಿಸಿ ಹಾಕ್ಲಿ. 8 ಇಂಚಿನ ಟಿನ್ ಸರಿಯಾಗುತ್ತೆ. ದಬರಿ ಒಳಗೆ ಅಷ್ಟು ದೊಡ್ಡದು ಕೂರ್ದಿದ್ರೆ 6 ಇಂಚಿಂದು ತಗೊಂಡು ಅರ್ಧಕ್ಕಿಂತ ಸ್ವಲ್ಪ ಮೇಲಕ್ಕೆ ಮಾತ್ರ ಹಿಟ್ಟು ಹಾಕಿ, ಸುತ್ತ ಒಂದು ಬೆರಳಷ್ಟು ಜಾಗ ಇರ್ಬೇಕು ಬಿಸಿ ಓಡಾಡೋಕೆ.

ಇನ್ನು ಇಡೀ ಕೇಕಲ್ಲಿ ಮಕ್ಕಳು ಬಾಯಿಬಿಟ್ಕೊಂಡು ನೋಡೋ ಭಾಗ. ಜರಡಿ ಹಿಡಿದ ಪುಡಿಗೆ ಸಕ್ಕರೆ ಉಪ್ಪು ಸೇರ್ಸಿ ಅಗಲವಾದ ಪಾತ್ರೇಲಿ ಸಮ ಹರಡಿ, ಮಗು ಕೈಲಿ ಸ್ಪೂನ್ ಹಿಂಬದಿಯಿಂದ ಮೂರು ಗುಳಿ ಮಾಡ್ಸಿ. ಒಂದಕ್ಕೆ ಎಣ್ಣೆ, ಒಂದಕ್ಕೆ ವೆನಿಲಾ, ಕೊನೇದಕ್ಕೆ ನಿಂಬೆರಸ. ನಿಂಬೆರಸ ಬಿದ್ದ ಗುಳೀಲಿ ಸಣ್ಣಗೆ ಚರಚರ ಸದ್ದು ಬರುತ್ತೆ, ಕಂದು ಪುಡಿ ನಡುವೆ ತಿಳಿ ಬಣ್ಣದ ನೊರೆ ಏಳುತ್ತೆ, ಅಂಚೆಲ್ಲ ಮೆಲ್ಲಗೆ ಒಳಗೆ ಜಾರುತ್ತೆ. ಮಂಡ್ಯದಿಂದ ದಸರಾ ರಜೆಗೆ ಬಂದಿದ್ದ ನಮ್ಮಕ್ಕನ ಮಗ ಪಾತ್ರೆ ಒಳಗೇ ಮೂಗಿಟ್ಟು "ಚಿಕ್ಕಮ್ಮ, ಬೆಂಕಿನೇ ಇಲ್ದೆ ಕುದೀತಾ ಅದೆ!" ಅಂದ. ಆಗಲೇ ಹೇಳ್ಬೇಕು ವಿಷಯ: ಸೋಡಾ ಕ್ಷಾರ, ನಿಂಬೆ ಹುಳಿ, ಎರಡೂ ಸೇರಿದ್ರೆ ಕಾರ್ಬನ್ ಡೈ ಆಕ್ಸೈಡ್ ಅನ್ನೋ ಗಾಳಿ ಹುಟ್ಟುತ್ತೆ, ಆ ಗುಳ್ಳೆಗಳೇ ಕೇಕನ್ನ ಉಬ್ಸೋದು, ಮೊಟ್ಟೆ ಇಲ್ದೆ ಈ ಕೇಕ್ ಮೇಲೇಳೋದು ಇದ್ರಿಂದಾನೇ. ಬಿಸಿಗೆ ಗುಳ್ಳೆ ದೊಡ್ಡದಾಗುತ್ತೆ, ಅಷ್ಟರಲ್ಲಿ ಸುತ್ತ ಹಿಟ್ಟು ಬೆಂದು ಗಟ್ಟಿಯಾಗಿ ಗುಳ್ಳೆ ಜಾಗ ಹಾಗೇ ನಿಲ್ಲುತ್ತೆ, ನಾಳೆ ಕೇಕ್ ಕತ್ತರಿಸಿದಾಗ ಕಾಣೋ ತೂತುಗಳು ಅವೇ.

ಗುಳ್ಳೆ ಹುಟ್ಟೋಕೆ ಶುರುವಾಯ್ತು ಅಂದ್ರೆ ತಡ ಮಾಡೋ ಹಾಗಿಲ್ಲ, ಅದಕ್ಕೇ ಓವನ್ ಮೊದ್ಲೇ ಕಾಯಿಸಿ ಅಂದಿದ್ದು. ಒಂದು ಕಪ್ ನೀರು ಸುರಿದು ವಿಸ್ಕಲ್ಲೋ ಸೌಟಲ್ಲೋ ಕಲಸಿ, ಪಾತ್ರೆ ಒಬ್ರು ಹಿಡ್ಕೊಳ್ಳಿ ಇನ್ನೊಬ್ರು ತಿರುಗ್ಸಲಿ, ಇಪ್ಪತ್ತು ಎಣಿಸಿ ಕೈ ಬದ್ಲಾಯಿಸ್ಲಿ, ಜಗಳ ಇರಲ್ಲ. ಒಣ ಪುಡಿ ಕಾಣ್ದಿದ್ರೆ ಮುಗೀತು, ಇಡ್ಲಿ ಹಿಟ್ಟಿನ ಹದಕ್ಕೆ ಬಂದಿರುತ್ತೆ, ಅಲ್ಲೊಂದು ಇಲ್ಲೊಂದು ಸಣ್ಣ ಗಂಟಿದ್ರೂ ಪರವಾಗಿಲ್ಲ. ಇನ್ನೂ ನುಣ್ಣಗಾಗ್ಲಿ ಅಂತ ತಿರುಗ್ಸಿ ತಿರುಗ್ಸಿ ಕೂತ್ರೆ ಮೈದಾ ಒಳಗಿನ ಗ್ಲುಟನ್ ಅನ್ನೋ ಜಿಗುಟು ಅಂಶ ಬಿಗಿಯುತ್ತೆ, ಒಬ್ಬಟ್ಟಿನ ಕಣಕಕ್ಕೆ ನಾದಿ ನಾದಿ ತರೋ ಆ ಎಳೆ ಕೇಕಿಗೆ ಬಂದ್ರೆ ಕೇಕ್ ರಬ್ಬರ್ ಆಗೋಗುತ್ತೆ.

ಪಾತ್ರೆ ನೆಕ್ಕೋದು. ಎಲ್ಲಾ ಮಕ್ಕಳೂ ಕೇಳ್ತವೆ, ಮೊಟ್ಟೆ ಇಲ್ವಲ್ಲ ಬಿಡು ಅಂತ ನಮಗೂ ಅನ್ಸುತ್ತೆ, ಆದ್ರೆ ಹಸಿ ಮೈದಾನೂ ಬೇಯಿಸ್ದೆ ತಿನ್ನೋ ವಸ್ತು ಅಲ್ಲ, ಅದ್ರಲ್ಲೂ ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ ಇರ್ಬೋದು. ಬೇಡ ಅಂತ ಬರೀ ಗದರಿಸ್ಬೇಡಿ, ಒಂದು ಬಟ್ಟಲಲ್ಲಿ ಕಾಯ್ಸಿದ ಹಾಲು, ಸಕ್ಕರೆ, ಸ್ವಲ್ಪ ಕೋಕೋ ಕಲಸಿ ಕೊಡಿ, ಅದನ್ನ ನೆಕ್ಕಲಿ.

ಓಟಿಜೀಲಿ 30ರಿಂದ 35 ನಿಮಿಷ, ಗ್ಯಾಸ್ ಮೇಲಾದ್ರೆ ಸಣ್ಣ ಉರೀಲಿ 40ರಿಂದ 45. ಟಿನ್ ಒಳಗಿಡೋದು ಈಚೆ ತೆಗೆಯೋದು ಎರಡೂ ನೀವೇ, ಮಸಿಬಟ್ಟೆ ದಪ್ಪಗೆ ಮಡಚಿ ಹಿಡೀರಿ, ಒದ್ದೆ ಬಟ್ಟೆ ಬೇಡ, ಬಿಸಿ ಆವಿ ಕೈಗೆ ಹೊಡೆಯುತ್ತೆ. ಮೊದಲ 25 ನಿಮಿಷ ಬಾಗಿಲು ತೆಗೀಲೇಬಾರ್ದು, ಕೇಕ್ ಗಟ್ಟಿಯಾಗೋ ಮುಂಚೆ ತಣ್ಣನೆ ಗಾಳಿ ನುಗ್ಗಿದ್ರೆ ನಡುವೆ ಕುಸಿದು ಹೋಗುತ್ತೆ. ಮಕ್ಕಳಿಗೆ ಆ ಗಾಜಿನ ಆಚೆ ನೋಡ್ತಾ ಕೂರೋದೂ ಒಂದು ಸಂಭ್ರಮ, ಎರಡು ಮೊಳ ದೂರ ಚಾಪೆ ಹಾಕಿ ಅಲ್ಲಿಂದ ಈಚೆ ಬರ್ಬಾರ್ದು ಅಂತ ಗೆರೆ ಹಾಕ್ಬಿಡಿ. ಕಾಯೋ ಹೊತ್ತಲ್ಲಿ ಕೋಕೋ ಕಥೆ ಹೇಳಿ, ಅದು ದೂರದ ಕಥೆ ಏನಲ್ಲ, ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಅಡಿಕೆ ಮರದ ನೆರಳಲ್ಲೇ ಕೋಕೋ ಬೆಳೀತಾರೆ, ಕಾಯಿ ಕೊಂಬೆ ತುದೀಲಿ ಅಲ್ಲ, ಕಾಂಡಕ್ಕೇ ಅಂಟ್ಕೊಂಡು ಬಿಡುತ್ತೆ, ಒಳಗಿನ ಬೀಜಾನ ಬಿಳೀ ತಿರುಳಿನ ಸಮೇತ ಹುಳಿಗೆ ಬಿಟ್ಟು, ಒಣಗಿಸಿ, ಹುರಿದ ಮೇಲೇ ಈ ವಾಸ್ನೆ ಬರೋದು. ಪುತ್ತೂರಲ್ಲಿ ಕ್ಯಾಂಪ್ಕೋದವ್ರ ಚಾಕಲೇಟ್ ಫ್ಯಾಕ್ಟರಿ 1986ರಿಂದ ಇದೆ, ಬೆಳೆಗಾರರ ಸಹಕಾರ ಸಂಘದ್ದು. ಚಾಕಲೇಟು ಮರದಿಂದ ಬರುತ್ತೆ ಅಂದ್ರೆ ನಂಬ್ದೇ ಇರೋ ಮಕ್ಕಳಿದಾವೆ, ಫೋಟೋ ತೋರ್ಸಿ.

ಬೆಂದಿದೆಯಾ ನೋಡೋಕೆ ನಡುಭಾಗಕ್ಕೆ ಟೂತ್‌ಪಿಕ್ ಚುಚ್ಚಿ, ಒಂದೆರಡು ಒಣ ಪುಡಿ ಅಂಟ್ಕೊಂಡು ಬಂದ್ರೆ ಸರಿ, ಹಸಿ ಹಿಟ್ಟು ಬಂದ್ರೆ ಇನ್ನೈದು ನಿಮಿಷ. ಅಂಚು ಟಿನ್‌ನಿಂದ ಸ್ವಲ್ಪ ಬಿಟ್ಕೊಂಡಿರುತ್ತೆ, ಅದೂ ಒಂದು ಗುರುತು. ಈಚೆ ತೆಗೆದ ತಕ್ಷಣ ಬೋರಲು ಹಾಕ್ಬೇಡಿ, 15 ನಿಮಿಷ ಬಿಟ್ಟು ಸುತ್ತ ಚಾಕು ಆಡ್ಸಿ ತಟ್ಟೆ ಮೇಲೆ ಮಗುಚಿ, ಬಟರ್ ಪೇಪರ್ ಎಳೆಯೋದು ಮಕ್ಕಳಿಗೆ. ಪೂರ್ತಿ ತಣ್ಣಗಾಗೋಕೆ ಒಂದು ಗಂಟೆ ಬೇಕು, ಅಷ್ಟೊತ್ತು ಆಟ ಆಡೋಕೆ ಕಳ್ಸಿ.

ಮೇಲೆ ಸಾವಿರ ತರ ಕ್ರೀಮ್ ಹಚ್ಚೋ ಅವಶ್ಯಕತೆ ಇಲ್ಲ, ಕೇಕ್ ಹಾಗೇ ಮೆತ್ತಗಿರುತ್ತೆ. ನಮ್ಮನೇಲಿ ಮಾಡೋದು ಇದು: ಗಟ್ಟಿ ಪೇಪರಲ್ಲಿ ಜಂಬೂಸವಾರಿ ಆನೆ ಬರೆದು, ಅಂಬಾರಿ ಸಮೇತ ಕತ್ತರಿಸಿ, ಕೇಕ್ ಮೇಲಿಟ್ಟು, ಟೀ ಸೋಸೋ ಜಾಲರೀಲಿ ನುಣ್ಣನೆ ಸಕ್ಕರೆ ಪುಡಿ ಉದುರ್ಸಿ, ಪೇಪರ್ ಮೆಲ್ಲಗೆ ನೇರ ಮೇಲಕ್ಕೆ ಎತ್ತಿದ್ರೆ ಬಿಳೀ ನಡುವೆ ಕಂದು ಆನೆ ನಿಂತಿರುತ್ತೆ. ಸೊಂಡಿಲು ತೀರಾ ಸಣ್ಣಕ್ಕೆ ಕತ್ತರಿಸ್ಬೇಡಿ, ಅಲ್ಲೇ ಸಕ್ಕರೆ ನುಗ್ಗಿ ಅಳಿಸ್ಹೋಗುತ್ತೆ. ಕೇಕ್ ಬಿಸಿ ಇದ್ರೆ ಸಕ್ಕರೆ ಕರಗುತ್ತೆ, ಅದಕ್ಕೇ ಆ ಒಂದು ಗಂಟೆ.

ಒಂದ್ಸಲ ಕೈ ಕೂತ ಮೇಲೆ ಬದಲಾವಣೆ ಮಾಡ್ಬೋದು. ಮಂಡ್ಯದವ್ರಿಗೆ ಬೆಲ್ಲದ್ದು ಇಷ್ಟ ಆಗುತ್ತೆ: ಸಕ್ಕರೆ ಬದ್ಲು ಒಂದು ಕಪ್ ಬೆಲ್ಲದ ಪುಡೀನ ಅದೇ ಒಂದು ಕಪ್ ನೀರಲ್ಲಿ ಬಿಸಿ ಮಾಡಿ ಕರಗ್ಸಿ, ಸೋಸಿ, ಪೂರ್ತಿ ಆರಿದ ಮೇಲೆ ಆ ನೀರನ್ನೇ ಹಾಕಿ. ಸೋಸೋದು ಮರೀಬೇಡಿ, ಕಸ ಮರಳು ಇರುತ್ತೆ. ಈ ಕೇಕಲ್ಲಿ ಹಾಲಿಲ್ಲ, ಬೆಲ್ಲಕ್ಕೆ ಒಡೆಯೋ ಚಿಂತೆ ಇಲ್ಲ. ಮೈದಾಲಿ ಅರ್ಧ ಕಪ್ ತೆಗೆದು ರಾಗಿ ಹಿಟ್ಟು ಹಾಕಿದ್ರೆ ಬಣ್ಣದಲ್ಲಿ ಗೊತ್ತೇ ಆಗಲ್ಲ, ಎರಡು ಟೇಬಲ್ ಸ್ಪೂನ್ ನೀರು ಜಾಸ್ತಿ ಬೇಕು, ರಾಗೀಲಿ ಗ್ಲುಟನ್ ಇಲ್ದಿರೋದ್ರಿಂದ ಅದಕ್ಕಿಂತ ಜಾಸ್ತಿ ಹಾಕಿದ್ರೆ ಕತ್ತರಿಸುವಾಗ ಪುಡಿಪುಡಿ. ದೊಡ್ಡವ್ರಿಗೆ ಮಾತ್ರ ಅಂತ ಮಾಡೋವಾಗ ನೀರಲ್ಲಿ ಎರಡು ಟೇಬಲ್ ಸ್ಪೂನ್ ಕಮ್ಮಿ ಮಾಡಿ ಫಿಲ್ಟರ್ ಕಾಫಿ ಡಿಕಾಕ್ಷನ್ ಹಾಕಿ, ಕಾಫಿ ರುಚಿ ಎದ್ದು ಕಾಣಲ್ಲ, ಚಾಕಲೇಟ್ ರುಚಿ ಗಾಢ ಆಗುತ್ತೆ.

ಮೇಲೆ ಬೆಟ್ಟದ ತರ ಉಬ್ಬಿ ಬಿರುಕು ಬಿಟ್ರೆ ಓವನ್ ಬಿಸಿ ಜಾಸ್ತಿ, ಇಲ್ಲಾಂದ್ರೆ ಟಿನ್ನು ಮೇಲಿನ ರಾಡ್‌ಗೆ ಹತ್ರ ಇದೆ. ತಳ ಸೀದ್ರೆ ಗ್ಯಾಸ್ ಉರಿ ದೊಡ್ಡದು. ಒಳಗೆ ಅಂಟಂಟಾಗಿದ್ರೆ ಬೆಂದಿಲ್ಲ, ಇಲ್ಲಾ ಬಿಸಿ ಇರುವಾಗ್ಲೇ ಕತ್ತರಿಸಿದೀರ.

ಉಳಿದ್ರೆ ಗಾಳಿ ಆಡದ ಸ್ಟೀಲ್ ಡಬ್ಬೀಲಿ ಎರಡು ದಿನ ಹೊರಗೇ ಇರುತ್ತೆ, ಫ್ರಿಜ್ಜಲ್ಲಿ ನಾಲ್ಕೈದು ದಿನ, ಬೇಸಿಗೆ ಆದ್ರೆ ಮೊದಲ ದಿನವೇ ಫ್ರಿಜ್ಜಿಗಿಡಿ. ಎರಡನೇ ದಿನ ಇನ್ನೂ ತೇವ ಕೂತು ರುಚಿ ಜಾಸ್ತಿ, ಸ್ಕೂಲ್ ಡಬ್ಬಿಗೆ ಆಗಲೇ ಚೆಂದ. ಮನೇಲಿ ನಾಯಿ ಇದ್ರೆ ಮಕ್ಕಳಿಗೆ ಮೊದ್ಲೇ ಹೇಳಿಡಿ, ಅದಕ್ಕೆ ಚಾಕಲೇಟ್ ವಿಷ, ಪ್ರೀತಿಗೂ ಒಂದು ಚೂರೂ ಹಾಕೋ ಹಾಗಿಲ್ಲ, ಬಿಸ್ಕತ್ತು ಕೊಡ್ಲಿ.