ಡಿಸ್ಕ್ ಬದಲಿಸಿದರೂ ನಿಲ್ಲದ ಬ್ರೇಕ್ ನಡುಕ

ಕಾರು ವೇಗದಲ್ಲಿದ್ದಾಗ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಗಡಗಡ ನಡುಗುತ್ತಿತ್ತು. ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕ್ ಬಾಗಿದೆ ಅಂದುಕೊಂಡು ಮುಂದಿನ ಎರಡನ್ನೂ ಬದಲಿಸಿದೆ. ಕೆಲವೇ ತಿಂಗಳಲ್ಲಿ ನಡುಕ ಮತ್ತೆ ಶುರುವಾಯಿತು!

ಈ ಸಲ ಡಿಸ್ಕ್ ಬಿಚ್ಚಿ ನೋಡಿದೆ. ಡಿಸ್ಕ್ ಮತ್ತು ಚಕ್ರ ಕೂರುವ ಹಬ್ ಮೇಲೆ ತುಕ್ಕಿನ ಪದರ. ಅದರ ಮೇಲೆ ಕೂತ ಡಿಸ್ಕ್ ಕೂದಲೆಳೆಯಷ್ಟು ಓರೆಯಾಗಿ ತಿರುಗುತ್ತದೆ. ಬ್ರೇಕ್ ಒತ್ತದಿದ್ದಾಗಲೂ ಡಿಸ್ಕಿನ ಒಂದೇ ಜಾಗ, ಅದನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡಿಗೆ ತಾಗಿ ತಾಗಿ ಸವೆಯುತ್ತದೆ. ದಪ್ಪದಲ್ಲಿ ಏರುಪೇರಾಗುತ್ತದೆ. ನಡುಕ ಬರುವುದು ಅದರಿಂದ. ಹೊಸ ಡಿಸ್ಕ್ ಮೊದಮೊದಲು ಚೆನ್ನಾಗಿದ್ದದ್ದು ಇದಕ್ಕೇ ಅಲ್ವಾ?

ತಂತಿ ಬ್ರಷ್‌ನಿಂದ ಹಬ್ ಉಜ್ಜಿದೆ. ಸವೆದ ಡಿಸ್ಕ್‌ಗಳನ್ನು ಬದಲಿಸಿ, ಡಯಲ್ ಗೇಜ್ (ಸೂಕ್ಷ್ಮ ಅಳತೆಯ ಮುಳ್ಳಿನ ಮಾಪಕ) ಇಟ್ಟು ಡಿಸ್ಕ್ ತಿರುಗುವಾಗಿನ ಓಲಾಟ ಅಳೆದೆ: 0.03 ಮಿಲಿಮೀಟರ್. ಹಲವು ಕಾರುಗಳಿಗೆ 0.05 ಮಿತಿ. ಚಕ್ರದ ನಟ್‌ಗಳನ್ನು ಎದುರುಬದುರಾಗಿ, ನಿಗದಿತ ಬಲಕ್ಕೆ ಬಿಗಿಯುವ ಟಾರ್ಕ್ ವ್ರೆಂಚ್‌ನಲ್ಲೇ ಬಿಗಿದೆ. ಗಾಳಿಯ ಒತ್ತಡದಿಂದ ನಟ್ ತಿರುಗಿಸುವ ಏರ್ ಗನ್‌ನಲ್ಲಿ ಬೇಕಾಬಿಟ್ಟಿ ಬಿಗಿದರೂ ಡಿಸ್ಕ್ ಓರೆಯಾಗುತ್ತದೆ. ಈಗ ವರ್ಷವಾಯಿತು, ನಡುಕ ಇಲ್ಲ.