ಮೂಟೆ ಖಾಲಿಯಾದ ಹಾಗೆ ಹಾಡು ದೊಡ್ಡದಾಯಿತು

ನಮ್ಮ ಬ್ಯಾಂಡಿನ ಮೊದಲ ಆಲ್ಬಂನಲ್ಲಿ ಏಳು ಹಾಡುಗಳಿವೆ. ಏಳನ್ನೂ ರೆಕಾರ್ಡ್ ಮಾಡಿದ್ದು ಚಿಕ್ಕಮಗಳೂರಿನಿಂದ ಆಲ್ದೂರಿಗೆ ಹೋಗುವ ಕಡೆ, ನಮ್ಮ ಡ್ರಮ್ಮರ್‌ನ ದೊಡ್ಡಪ್ಪನ ತೋಟದ ಕಾಫಿ ಗೋಡೌನಿನಲ್ಲಿ. ಮೊದಲು ಬೆಂಗಳೂರಿನ ಸ್ಟುಡಿಯೋದಲ್ಲಿ ಎರಡು ದಿನ ಪ್ರಯತ್ನಪಟ್ಟಿದ್ದೆವು. ಗಂಟೆಗಿಷ್ಟು ಅಂತ ದುಡ್ಡು ಓಡುತ್ತಿರುವಾಗ ಯಾರ ಕೈಯೂ ಹಗುರಾಗಲಿಲ್ಲ.

ಆಗ ನೆನಪಾದದ್ದು ಇಂಗ್ಲೆಂಡಿನ ರಾಕ್ ಬ್ಯಾಂಡ್ ರೇಡಿಯೋಹೆಡ್. 1997ರಲ್ಲಿ ಬಂದ ‘ಓಕೆ ಕಂಪ್ಯೂಟರ್’ ಆಲ್ಬಂನ ಒಂದಷ್ಟು ಹಾಡುಗಳನ್ನು ಅವರು ಆಕ್ಸ್‌ಫರ್ಡ್‌ಶೈರ್‌ನಲ್ಲಿ ಹಿಂದೆ ಸೇಬು ತುಂಬಿಡುತ್ತಿದ್ದ ಶೆಡ್ಡಿನಲ್ಲಿ ಮಾಡಿದರು, ಉಳಿದ ಬಹುಪಾಲನ್ನು ಬಾತ್ ಊರಿನ ಹತ್ತಿರದ ಹಳೇ ಬಂಗಲೆಯಲ್ಲಿ. ಒಂದು ಹಾಡನ್ನು ಅವರ ಗಾಯಕ ಥಾಮ್ ಯಾರ್ಕ್ ಆ ಬಂಗಲೆಯ ಕಲ್ಲಿನ ಮೆಟ್ಟಿಲ ಹತ್ತಿರ ಹಾಡಿದ್ದಾರೆ, ಮೆಟ್ಟಿಲಿನ ಅನುರಣನ ದನಿಯ ಸುತ್ತ ಹಾಗೇ ಉಳಿದಿದೆ. ಸೇಬಿನ ಶೆಡ್ಡಿನಲ್ಲಿ ಆಗುವುದಾದರೆ ಕಾಫಿ ಗೋಡೌನಿನಲ್ಲಿ ಯಾಕಾಗಬಾರದು ಅಂತ ಕೇಳಿದೆವು. “ಮೂಟೆ ಹತ್ರ ಯಾರೂ ಸಿಗರೇಟು ಹಚ್ಚಬಾರದು. ಮಿಕ್ಕಿದ್ದು ನಿಮ್ಮಿಷ್ಟ ಕಣ್ರೋ” ಅಂದರು ದೊಡ್ಡಪ್ಪ.

ಅದು ಫೆಬ್ರವರಿ ಕೊನೆ. ಕಣದಲ್ಲಿ ಒಣಗಿದ ಚೆರ್ರಿಯನ್ನೆಲ್ಲ, ಅಂದರೆ ಸಿಪ್ಪೆ ಸಮೇತದ ಕಾಫಿ ಹಣ್ಣನ್ನೆಲ್ಲ, 50 ಕೆಜಿ ಮೂಟೆ ಮಾಡಿ, ಗೋಡೌನಿನ ಅರ್ಧಕ್ಕಿಂತ ಹೆಚ್ಚು ಜಾಗದಲ್ಲಿ ಮಾಡಿನ ತನಕ ಪೇರಿಸಿದ್ದರು. ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಸತ್ತುಹೋಗುತ್ತಿತ್ತು. ಗೋಣಿಯ ನೇಯ್ಗೆ ಸಡಿಲ, ಒಳಗಿನ ಕಾಯಿಗಳ ನಡುವೆಯೂ ಸಂದು. ಹೊಕ್ಕ ಸದ್ದು ಅಲ್ಲೇ ಇಂಗಿ ಹೋಗುತ್ತದೆ.

ಡ್ರಮ್ಸಿಗೆ ಐದು ಮೈಕ್: ಕಾಲಿನಲ್ಲಿ ಬಾರಿಸುವ ದೊಡ್ಡ ಡ್ರಮ್ಮು ಕಿಕ್ಕಿಗೊಂದು, ಚುರುಕು ಪೆಟ್ಟಿನ ಚಿಕ್ಕ ಡ್ರಮ್ಮು ಸ್ನೇರಿಗೊಂದು, ತಲೆಯ ಮೇಲೆ ಎರಡು, ದೂರಕ್ಕೊಂದು. ಮೇಲಿನ ಎರಡನ್ನು ಕಣ್ಣಂದಾಜಿನಲ್ಲಿ ಇಟ್ಟು ಕೆಟ್ಟೆವು. ಸ್ನೇರಿನ ಪೆಟ್ಟು ಒಂದು ಮೈಕಿಗೆ ಮೊದಲು, ಇನ್ನೊಂದಕ್ಕೆ ಚೂರು ತಡವಾಗಿ ಮುಟ್ಟಿದರೆ, ಎರಡನ್ನೂ ಕೂಡಿಸಿದಾಗ ಒಂದನ್ನೊಂದು ತಿಂದು ಸದ್ದು ತೆಳ್ಳಗಾಗುತ್ತದೆ. ಚೀಲ ಹೊಲಿಯುವ ದಾರ ಅಲ್ಲೇ ಬಿದ್ದಿತ್ತು. ಅದರ ತುದಿಯನ್ನು ಸ್ನೇರಿನ ನಡುಮಧ್ಯೆ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದೆ. ಡ್ರಮ್ಮರ್ ದಾರವನ್ನು ಎಡಗಡೆ ಮೈಕಿನ ಬಾಯಿತನಕ ಬಿಗಿಯಾಗಿ ಎಳೆದು, ಮುಟ್ಟಿದ ಕಡೆ ಗಂಟು ಹಾಕಿದ. ಅದೇ ಗಂಟು ಬಲಗಡೆ ಮೈಕನ್ನು ಮುಟ್ಟುವವರೆಗೆ ಸ್ಟ್ಯಾಂಡನ್ನು ಬೆರಳಷ್ಟು ಬೆರಳಷ್ಟೇ ಜರುಗಿಸಿದೆವು. ಆ ದಾರ ಈಗಲೂ ನನ್ನ ಗಿಟಾರ್ ಕೇಸಿನಲ್ಲಿದೆ.

ಬೇಸ್ ಗಿಟಾರಿನ ಡಿ ತಂತಿ ಮೀಟಿದಾಗ ಮಾತ್ರ ಗೋಡೌನು ಗುಮ್ಮೆನ್ನುತ್ತಿತ್ತು. ಎದುರುಬದುರು ಗೋಡೆಗೆ ಕಂಬಳಿ ಇಳಿಬಿಟ್ಟರೆ ಸಿಂಬಲ್ ತಟ್ಟೆಗಳ ಹೊಳಪು ಹೋಯಿತೇ ಹೊರತು ಗುಮ್ಮು ಹೋಗಲಿಲ್ಲ. ಆ ಸ್ವರ 73 ಹರ್ಟ್ಸ್ ಆಸುಪಾಸು, ಗಾಳಿಯಲ್ಲಿ ಅದರ ಒಂದು ಅಲೆಯ ಉದ್ದ ಹೆಚ್ಚುಕಡಿಮೆ 15 ಅಡಿ. ಟೇಪು ಹಿಡಿದು ನೋಡಿದರೆ ಗೋಡೆಯಿಂದ ಗೋಡೆಗೂ 15 ಅಡಿಯೇ! ಅಳತೆ ಕೊಟ್ಟು ಹೊಲಿಸಿದ ಹಾಗೆ ಅಲೆ ಅಲ್ಲಿ ಕೂತುಬಿಟ್ಟಿತ್ತು. ಇಂಥ ಅಲೆ ಗೋಡೆಯ ಬುಡದಲ್ಲೂ ಕೋಣೆಯ ನಟ್ಟನಡುವೆಯೂ ಜೋರು, ಕಾಲುಭಾಗದಷ್ಟು ದೂರದಲ್ಲಿ ಮೆತ್ತಗೆ. ಗೋಡೆಗೆ ಒತ್ತಿಕೊಂಡಿದ್ದ ಬೇಸಿನ ಆಂಪನ್ನು, ಅಂದರೆ ಅದರ ಸ್ಪೀಕರ್ ಪೆಟ್ಟಿಗೆಯನ್ನು, 4 ಅಡಿ ಈಚೆಗೆ ಎಳೆದೆವು, ಗುಮ್ಮು ಇಳಿಯಿತು. ಕರೆಂಟು ಹೋದಾಗ ಇನ್ವರ್ಟರಿನ ಗುಯ್‌ಗುಡುವಿಕೆ ಗಿಟಾರಿಗೆ ಬರುತ್ತಿತ್ತು, ಆಗೆಲ್ಲ ಕೆಲಸ ನಿಲ್ಲಿಸಿ ಕಾಫಿ ಕುಡಿದೆವು, ಅಷ್ಟೇ.

ಮಾರ್ಚ್ ಎರಡನೇ ವಾರ, ಕಾಫಿಯ ಸಿಪ್ಪೆ ಬಿಡಿಸುವ ಕ್ಯೂರಿಂಗ್ ವರ್ಕ್ಸಿಗೆ ಮೊದಲ ಲೋಡು ಹೋಯಿತು. ಮಾರನೇ ದಿನ, ಮೂರನೇ ಹಾಡಿನಲ್ಲಿ ತಪ್ಪಿದ್ದ ನಾಲ್ಕು ಬಾರ್, ಅಂದರೆ ತಾಳದ ನಾಲ್ಕು ಸುತ್ತಿನಷ್ಟು, ಡ್ರಮ್ಸನ್ನು ಮತ್ತೆ ನುಡಿಸಿ ಸೇರಿಸಲು ಕೂತೆವು. ಅದೇ ಮೈಕು, ಅದೇ ದಾರ, ಅದೇ ಕೈ. ಕೇಳಿದರೆ ಆ ನಾಲ್ಕು ಬಾರ್ ಬಂದಾಗ ಯಾರೋ ಬಾಗಿಲು ತೆರೆದ ಹಾಗೆ. ಸ್ನೇರಿನ ಚರ್ಮ ಬಿಗಿ ಮಾಡಿದೆವು, ಸಡಿಲ ಮಾಡಿದೆವು, ಕೇಬಲ್ ಬದಲಿಸಿದೆವು, ಅರ್ಧ ದಿನ ಹೋಯಿತು. ಲೆಕ್ಕದ ಪುಸ್ತಕ ತಗೊಳ್ಳಲು ಬಂದ ತೋಟದ ರೈಟರು, “ಮೂಟೆ ಹೋಯ್ತಲ್ಲ ಸಾರ್, ಈಗ ಮಾತಾಡಿದ್ರೂ ಕೂಗುತ್ತೆ ಇಲ್ಲಿ” ಅಂದರು. ನಾನು ಎಷ್ಟೋ ವರ್ಷ ಓದಿ ತಿಳಿದದ್ದನ್ನು ಅವರು ಪ್ರತಿ ಮಾರ್ಚಿನಲ್ಲೂ ಕಿವಿಯಲ್ಲೇ ಕೇಳುತ್ತಾ ಬಂದಿದ್ದರು. ಆ ಹಾಡನ್ನು ಪೂರ್ತಿ ಹೊಸದಾಗಿ ನುಡಿಸಿದೆವು.

ಆಲ್ಬಂಗೆ ಒಂದು ರೂಪ ಬಂದದ್ದು ಅಲ್ಲಿಂದಲೇ. ಲಾರಿ ಯಾವತ್ತು ಅಂತ ದೊಡ್ಡಪ್ಪನನ್ನು ಕೇಳಿ ನಮ್ಮ ಕೆಲಸ ಗೊತ್ತುಮಾಡಿಕೊಂಡೆವು. ಕಿವಿಯ ಹತ್ತಿರ ಬಂದು ಮಾತಾಡುವಂಥ ಹಾಡುಗಳು ಮೂಟೆ ಇರುವಾಗ, ಎದೆ ತೆರೆದು ಕೂಗುವಂಥವು ಖಾಲಿಯಾದ ಮೇಲೆ. ರೆಕಾರ್ಡ್ ಆದ ಕ್ರಮದಲ್ಲೇ ಆಲ್ಬಂನಲ್ಲೂ ಇವೆ.

ಸಾಹಿತ್ಯವನ್ನೂ ಕೋಣೆಯೇ ತಿದ್ದಿತು. ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ, ದನಿ ಎಳೆಯುತ್ತಾ ಹೋಗುತ್ತದೆ. ಮೂಟೆ ಇದ್ದಾಗ ಅದು ಚೆಂದವೇ. ಆರನೇ ಹಾಡು ಆರು ಮಾತ್ರೆಯ ಲಯದ್ದು, ಸ್ನೇರ್ ಬೀಳುವುದು ನಾಲ್ಕನೆಯ ಮಾತ್ರೆಗೆ. ಅದರ ಪಲ್ಲವಿ ಮೊದಲು ‘ಮಲೆಯ ಮೇಲೆ ನಿಂತು ನೋಡಿದೆ’ ಅಂತಿತ್ತು. ಪೆಟ್ಟು ಸರಿಯಾಗಿ ‘ಮೇ’ ಮತ್ತು ‘ನೋ’ ಮೇಲೆ. ಖಾಲಿ ಗೋಡೌನಿನಲ್ಲಿ ಆ ದೀರ್ಘಗಳು ಹರಡಿಕೊಂಡು ಸ್ನೇರನ್ನೇ ಮುಚ್ಚಿಹಾಕಿದವು. ಕೊನೆಗೊಂದು ಮಾತ್ರೆ ಬೇರೆ ಹೆಚ್ಚು. ರಾತ್ರಿಯೆಲ್ಲ ಕೂತು ‘ಬೆಟ್ಟ ಹತ್ತಿ ಬಿಟ್ಟು ಬಂದೆ’ ಅಂತ ಮಾಡಿದೆವು. ಮೂರು ಮಾತ್ರೆಯ ನಾಲ್ಕು ಗಣ, ಮೂರರಲ್ಲಿ ಒತ್ತಕ್ಷರ. ‘ಹತ್‌’ ಅಂದಾಗ ನಾಲಿಗೆ ಹಲ್ಲಿಗೆ ತಾಗಿ ಉಸಿರು ಗಕ್ಕನೆ ನಿಲ್ಲುತ್ತದೆ. ಆ ಚೂರು ಮೌನದಲ್ಲಿ ಪೆಟ್ಟಿನ ಮಾರ್ದನಿ ಗೋಡೆಯಿಂದ ತಿರುಗಿ ಬರುವುದು ಕೇಳುತ್ತದೆ. ಛಂದಸ್ಸಿನ ಪಾಠದಲ್ಲಿ ಒತ್ತಕ್ಷರದ ಹಿಂದಿನದು ಗುರು ಅಂತ ಬಾಯಿಪಾಠ ಮಾಡಿದ್ದೆ. ಅದು ಯಾಕೆ ಅಂತ ಮೈಗೆ ತಿಳಿದದ್ದು ಅವತ್ತು.

ಕೊನೆಯ ಹಾಡಿಗೆ ಗೋಡೌನಿನಲ್ಲಿ ಒಂದು ಮೂಟೆಯೂ ಇರಲಿಲ್ಲ. ದೂರದ ಮೈಕನ್ನು ಡ್ರಮ್ಸಿನಿಂದ 20 ಅಡಿ ಆಚೆ, ಬಾಗಿಲ ಹತ್ತಿರ ಇಟ್ಟಿದ್ದೆವು. ಸದ್ದು ಅಲ್ಲಿಗೆ ಮುಟ್ಟಲು ಸುಮಾರು 18 ಮಿಲಿಸೆಕೆಂಡು ಬೇಕು, ಆ ತಡವೇ ಕೋಣೆಯ ಅಗಾಧತೆಯನ್ನು ಹೇಳುತ್ತದೆ. ಎರಡನೇ ಚರಣದಲ್ಲಿ ಹೆಂಚಿನ ಮೇಲೆ, ಕಾಫಿ ಹೂ ಅರಳಿಸುವ ಹೂಮಳೆ ಶುರುವಾಯಿತು. ಮೂರು ವಾರದಿಂದ ಆಕಾಶ ನೋಡುತ್ತಿದ್ದ ದೊಡ್ಡಪ್ಪ ಅಂಗಳಕ್ಕೆ ಇಳಿದು “ಬಂತು ಕಣ್ರೋ, ಬಂತು!” ಅಂತ ಕೂಗಿದರು. ಯಾರೂ ನುಡಿಸುವುದು ನಿಲ್ಲಿಸಲಿಲ್ಲ.

ಮಿಕ್ಸಿಂಗಿನಲ್ಲಿ, ಜೋರು ಸದ್ದನ್ನು ತಗ್ಗಿಸಿ ಸಮ ಮಾಡುವ ಕಂಪ್ರೆಷನ್ ಬಹಳ ಕಮ್ಮಿ ಹಾಕಿದೆ. ಜಾಸ್ತಿ ಹಿಂಡಿದರೆ ಪೆಟ್ಟು ತಗ್ಗಿ ಅದರ ಹಿಂದಿನ ಅನುರಣನ ಮೇಲೇಳುತ್ತದೆ, ಮೊದಲ ಹಾಡಿಗೂ ಏಳನೆಯದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಮಳೆಯನ್ನು ತೆಗೆಯಲಿಲ್ಲ. ದೊಡ್ಡಪ್ಪನ ದನಿ ಎಡಗಡೆಯಿಂದ, ಸಣ್ಣಗೆ, ಎರಡನೇ ಚರಣದ ಕೊನೆಯ ಸಾಲಿನ ಹಿಂದೆ ಇದೆ.