ಕೋಲ್ಕತ್ತಾದ ಪೈಸ್ ಹೋಟೆಲಿನಲ್ಲಿ ಉಣ್ಣುವುದು ಹೇಗೆ?

ಕೋಲ್ಕತ್ತಾ ಪ್ರವಾಸಕ್ಕೆ ಹೋದ ನಮ್ಮವರು ಎರಡನೆಯ ದಿನಕ್ಕೇ ಲೇಕ್ ಮಾರ್ಕೆಟ್ ಬಳಿಯ ದಕ್ಷಿಣದ ಹೋಟೆಲುಗಳಲ್ಲಿ ಸಾಂಬಾರು ಕಲಸುತ್ತ ಕುಳಿತಿರುತ್ತಾರೆ. ‘ಬಂಗಾಳಿ ಊಟ ಸಿಹಿ, ಸಾಸಿವೆ ಎಣ್ಣೆಯ ಘಾಟು, ಬರೀ ಮುಳ್ಳು’ ಎಂಬ ದೂರು ಬೇರೆ. ಅವರು ಬಂಗಾಳಿ ಊಟ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಲ್ಲವನ್ನೂ ಒಟ್ಟಿಗೆ ತರಿಸಿ, ಒಟ್ಟಿಗೆ ಕಲಸಿದರೆ ಇನ್ನೇನಾಗಬೇಕು?

ಮೊದಲು ಜಾಗ. ಮಾಲ್‌ಗಳಲ್ಲಿ ಸಿಗುವ ‘ಬಂಗಾಳಿ ಥಾಲಿ’ಯ ಆಸೆ ಬಿಡಿ. ಹತ್ತು ಬಟ್ಟಲು ಒಮ್ಮೆಗೇ ಬಂದು ಕೂರುವ ಆ ತಟ್ಟೆ ಫೋಟೊಕ್ಕೆ ಮಾತ್ರ ಲಾಯಕ್ಕು. ಪೈಸ್ ಹೋಟೆಲಿಗೆ ಹೋಗಿ. ರೂಪಾಯಿಗೆ 64 ಪೈಸೆ ಇದ್ದ ಕಾಲದಲ್ಲಿ ವಿದ್ಯಾರ್ಥಿಗಳಿಗೂ ಗುಮಾಸ್ತರಿಗೂ ಕಡಿಮೆ ಕಾಸಿಗೆ ಉಣಬಡಿಸುತ್ತಿದ್ದ ಊಟದ ಮನೆಗಳಿವು. ರಾಸ್‌ಬಿಹಾರಿ ಅವೆನ್ಯೂ ಕಡೆಯ ತರುಣ್ ನಿಕೇತನ 1915ರದ್ದು. ಕಾಲೇಜ್ ಸ್ಟ್ರೀಟ್‌ನಲ್ಲಿ ಪುಸ್ತಕ ಹುಡುಕಿ ಹಸಿದವರಿಗೆ ಭವಾನಿ ದತ್ತ ಲೇನ್‌ನ ಸ್ವಾಧೀನ ಭಾರತ ಹಿಂದೂ ಹೋಟೆಲ್ ಇದೆ. ನಮ್ಮಲ್ಲಿ ಸ್ವಾಧೀನ ಎಂದರೆ ವಶ, ಅಲ್ಲಿ ಸ್ವತಂತ್ರ. ಹೆಸರು ನೋಡಿ ಗಾಬರಿ ಬೇಡ.

ಹೊತ್ತು: ಮಧ್ಯಾಹ್ನ ಹನ್ನೆರಡೂವರೆಯೊಳಗೆ. ತಡವಾದರೆ ಒಳ್ಳೆಯ ಮೀನು ಖಾಲಿ.

ಕೂರುವುದು: ಖಾಲಿ ಕುರ್ಚಿ ಕಂಡಲ್ಲಿ, ಅಪರಿಚಿತರ ಪಕ್ಕದಲ್ಲೇ.

ಕೇಳುವುದು: ಅಂದಿನ ಅಡುಗೆ ಹಲಗೆಯ ಮೇಲೆ ಬಂಗಾಳಿಯಲ್ಲಿರುತ್ತದೆ. ಓದಲು ಬಾರದಿದ್ದರೆ ಬಡಿಸುವವರನ್ನೇ ಕೇಳಿ, ಹಿಂದಿ ನಡೆಯುತ್ತದೆ. ನಾಲ್ಕು ಮಾತು ಗೊತ್ತಿದ್ದರೆ ಸಾಕು. ‘ಝೋಲ್’ ಎಂದರೆ ತೆಳು ಸಾರು, ‘ಝಾಲ್’ ಎಂದರೆ ಖಾರ, ‘ಕಾಲಿಯಾ’ ಎಂದರೆ ಮಸಾಲೆಯ ಗಟ್ಟಿ ಗೊಜ್ಜು, ‘ಭಾಪಾ’ ಎಂದರೆ ಹಬೆಯಲ್ಲಿ ಬೆಂದದ್ದು. ಸಸ್ಯಾಹಾರಿಗಳು ‘ನಿರಾಮಿಷ್’ ಎಂದು ಹೇಳಿ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಬೇಳೆಯಲ್ಲಿ ಮೀನಿನ ತಲೆ, ಸೋರೆಕಾಯಿ ಪಲ್ಯದಲ್ಲಿ ಸಿಗಡಿ ಇರುವುದುಂಟು. ಒಂದೊಂದನ್ನೂ ಬೆರಳಿಟ್ಟು ತೋರಿಸಿ ವಿಚಾರಿಸಿ. ಮೀನಿನ ವಾಸನೆಯೇ ಆಗದವರು ಪೈಸ್ ಹೋಟೆಲನ್ನು ಬಿಟ್ಟು, ಬೆಳಿಗ್ಗೆ ಸಿಹಿ ಅಂಗಡಿಗಳಲ್ಲಿ ಸಿಗುವ ಕಚೋರಿ, ಆಲೂಗಡ್ಡೆ ಪಲ್ಯ ತಿಂದುಕೊಳ್ಳುವುದೇ ಮೇಲು.

ಇನ್ನು ಉಣ್ಣುವುದು. ಎಡವುವುದು ಇಲ್ಲೇ. ಅನ್ನದ ಗುಡ್ಡೆಗೆ ಗುಂಡಿ ತೋಡಿ ಸಾರು ಹುಯ್ಯುವುದು ನಮ್ಮ ಹುಟ್ಟುಗುಣ. ಅಲ್ಲಿ ಅದು ಕೂಡದು. ಗುಡ್ಡೆಯ ಅಂಚಿನಿಂದ ಒಂದು ಹಿಡಿ ಅನ್ನ ಎಳೆದುಕೊಳ್ಳಿ, ಒಂದೇ ಪದಾರ್ಥ ಕಲಸಿ, ಅದು ಮುಗಿದ ಮೇಲೆ ಇನ್ನೊಂದು ಹಿಡಿ. ಮೊದಲು ಕಹಿ: ಕರಿದ ಹಾಗಲಕಾಯಿ ಅಥವಾ ಹಾಗಲ, ಬಾಳೆಕಾಯಿ, ನುಗ್ಗೆ ಸೇರಿದ ‘ಶುಕ್ತೊ’. ಇದು ಮಧ್ಯಾಹ್ನಕ್ಕೆ ಮಾತ್ರ. ಇದನ್ನು ಕಡೆಗೆ ತಿಂದರೆ ಬಾಯೆಲ್ಲ ಕಹಿ, ಮೊದಲು ತಿಂದರೆ ಹಸಿವು ಕೆರಳುತ್ತದೆ. ಆಮೇಲೆ ಬೇಳೆ, ಜೊತೆಗೆ ಕರಿದ ಬದನೆ. ಆಮೇಲೆ ತರಕಾರಿ. ಆಲೂ ಪೋಸ್ತೊ, ಅಂದರೆ ಗಸಗಸೆ ಅರೆದು ಹಾಕಿದ ಆಲೂಗಡ್ಡೆ ಪಲ್ಯ ಇದ್ದರೆ ಬಿಡಬೇಡಿ. ಗಸಗಸೆಯನ್ನು ಪಾಯಸಕ್ಕಷ್ಟೇ ಬಳಸುವ ನಮಗೆ ಅದೊಂದು ಪಾಠ. ಮೀನು ಅದಾದ ನಂತರವೇ.

ಇಲಿಷ್, ಅಂದರೆ ಮಳೆಗಾಲದ ಹಿಲ್ಸಾ ಮೀನಿನ ಬಗ್ಗೆ ಒಂದು ಎಚ್ಚರ. ಬೂತಾಯಿ, ಬಂಗುಡೆ ತಿಂದೇ ಬೆಳೆದ ಮಂಗಳೂರಿನ ನಮ್ಮ ಭಾವ ‘ನನಗೆ ಮುಳ್ಳು ಹೇಳಿಕೊಡುತ್ತೀಯಾ?’ ಎಂದು ಹುರುಪಿನಿಂದ ಕೈ ಹಾಕಿ, ಹತ್ತೇ ನಿಮಿಷದಲ್ಲಿ ತುಂಡನ್ನು ನನ್ನ ಎಲೆಗೆ ದಾಟಿಸಿದರು. ಇಲಿಷ್‌ನ ಮುಳ್ಳು ಕೂದಲೆಳೆಯಂತೆ, ಅದೂ ಕವಲೊಡೆದದ್ದು. ಮೀನನ್ನು ಅನ್ನಕ್ಕೆ ಕಲಸಿದಿರೋ ಕೆಟ್ಟಿತು. ಅನ್ನಕ್ಕೆ ಸಾಸಿವೆಯ ರಸವನ್ನಷ್ಟೇ ಕಲಸಿ. ಮೀನಿನಿಂದ ಕಡಲೆಕಾಳಿನಷ್ಟು ಚೂರು ಮುರಿದು, ಹೆಬ್ಬೆರಳು ತೋರುಬೆರಳ ನಡುವೆ ಹೊಸಕಿ, ಮುಳ್ಳು ತಗುಲಿದರೆ ಎಳೆದು ಎಲೆಯಂಚಿಗಿಟ್ಟು, ಆಮೇಲೆ ತುತ್ತಿನೊಳಗೆ ಸೇರಿಸಿ. ಬೆನ್ನಿನ ತುಂಡಿಗಿಂತ ಹೊಟ್ಟೆಯ ತುಂಡು ಕೇಳಿ, ‘ಪೇಟಿ’ ಎಂದರೆ ಕೊಡುತ್ತಾರೆ. ಮಾತಾಡುತ್ತ ತಿನ್ನಬೇಡಿ, ಮೊಬೈಲ್ ಅಂತೂ ಮುಟ್ಟಲೇಬೇಡಿ. ಇಷ್ಟು ತಾಳ್ಮೆ ಇಲ್ಲದವರಿಗೆ ನಡುಮುಳ್ಳೊಂದೇ ಕಾಡುವ ಪಾಬ್ದಾ ಮೀನು ಇದೆ. ಮಳೆಗಾಲವಲ್ಲದಿದ್ದರೆ ನಾನೂ ಪಾಬ್ದಾವನ್ನೇ ಕೇಳುವುದು.

ಚಟ್ನಿ ಎಂದು ಬರುವುದು ಟೊಮೇಟೊ, ಖರ್ಜೂರದ ಸಿಹಿ. ಅದನ್ನು ಅನ್ನಕ್ಕೆ ನೆಂಚಿಕೊಳ್ಳುವ ನಮ್ಮವರನ್ನು ಕಂಡರೆ ಬಡಿಸುವವರು ಮುಖ ತಿರುಗಿಸಿ ನಗುತ್ತಾರೆ. ಅದು ಊಟದ ಕೊನೆಗೆ, ಹಪ್ಪಳದೊಂದಿಗೆ.

ದುಡ್ಡು: ಅನ್ನ, ಬೇಳೆ, ಮೀನು, ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಬಾಳೆಎಲೆಗೂ ನಿಂಬೆಹೋಳಿಗೂ ಕಾಸು ಹಿಡಿಯುವುದುಂಟು. ಅದು ಮೋಸವಲ್ಲ, ಹಳೆಯ ಪದ್ಧತಿ, ಜಗಳಕ್ಕಿಳಿಯಬೇಡಿ. ಚಿಲ್ಲರೆ ಇಟ್ಟುಕೊಂಡಿರಿ.

ಸಿಹಿಯನ್ನು ಅಲ್ಲೇ ಮುಗಿಸದೆ ಎದ್ದು ಹೊರಗೆ ಬನ್ನಿ. ಉತ್ತರ ಕೋಲ್ಕತ್ತಾದ ಹೆದುವಾ ಬಳಿ ‘ಗಿರೀಶ್ ಚಂದ್ರ ಡೇ ಮತ್ತು ನಕುಡ್ ಚಂದ್ರ ನಂದಿ’ ಎಂಬ 1844ರ ಅಂಗಡಿಯಲ್ಲಿ ಸಂದೇಶ್, ಅಂದರೆ ಒಡೆದ ಹಾಲಿನ ಸಿಹಿ ತಿನ್ನಿ. ವಿಮಾನ ನಿಲ್ದಾಣದ ಡಬ್ಬಿ ರಸಗುಲ್ಲ ಹೊತ್ತು ತಂದು ನೆಂಟರಿಗೆ ಹಂಚುವವರು ದಯವಿಟ್ಟು ನಿಲ್ಲಿಸಿ, ಅದು ರಬ್ಬರು. ‘ನೊಲೆನ್ ಗುಡ್’, ಅಂದರೆ ಈಚಲು ರಸದ ಹೊಸ ಬೆಲ್ಲ, ಚಳಿಗಾಲದ್ದು. ಮೇ ತಿಂಗಳಲ್ಲಿ ಯಾರಾದರೂ ‘ತಾಜಾ’ ಎಂದು ಅದನ್ನು ಮುಂದೆ ಹಿಡಿದರೆ ಪಕ್ಕದ ಅಂಗಡಿಗೆ ನಡೆಯಿರಿ.